ಕಂಬ ತೆಗೆಸಿದವರು

ವೆಸ್ಟ್‌ಲ್ಯಾಂಡ್ಸ್, ನೈರೋಬಿ
14 ಅಕ್ಟೋಬರ್ 2014

ಪೂಜ್ಯ ವಾಮನ ಮಾಮನಿಗೆ ಸದಾಶಿವನ ನಮಸ್ಕಾರ. ನಾನು, ಗಿರಿಜಾ, ಮಗಳು ವಿಭಾ ಮೂವರೂ ಇಲ್ಲಿ ಚೆನ್ನಾಗಿದ್ದೇವೆ.

ಕೈಬರಹದ ಕಾಗದ ನೋಡಿ ನಿಮಗೆ ಆಶ್ಚರ್ಯವಾಗಿರಬಹುದು. ಫೋನಿನಲ್ಲಿ ನಿಮಗೆ ನನ್ನ ಮಾತು ಕೇಳಿಸುವುದಿಲ್ಲ. ಸುಶೀಲಾಳ ಮೊಬೈಲಿಗೆ ಕಳಿಸಿದರೆ ಅವಳು ತನಗೆ ಮುಖ್ಯ ಅನ್ನಿಸಿದ ಎರಡು ಸಾಲನ್ನು ಮಾತ್ರ ನಿಮಗೆ ತೋರಿಸುತ್ತಾಳೆ. ಮಗಳ ಮನೆಯಲ್ಲಿ ನಿಮಗೆ ಬೇರೆ ಯಾವ ಕೊರತೆ ಇಲ್ಲದಿದ್ದರೂ ಇದೊಂದು ಇದೆ ಎಂದು ನೀವೇ ಹೇಳಿದ್ದಿರಿ. ಅದಕ್ಕೇ ಕೊರಿಯರ್ ಮಾಡುತ್ತಿದ್ದೇನೆ.

ವಿಷಯ ಇಷ್ಟೆ. ವಿಭಾಗೆ ಶಾಲೆಯಲ್ಲಿ ಹಿಸ್ಟರಿ ಪ್ರಾಜೆಕ್ಟ್ ಕೊಟ್ಟಿದ್ದಾರೆ. ನೂರು ವರ್ಷದ ಹಿಂದಿನ ಕಲ್ಲಿದ್ದಲ ಗಣಿಗಳಲ್ಲಿ ಚಾವಣಿ ಕುಸಿದು ಕಾರ್ಮಿಕರು ಹೇಗೆ ಸಾಯುತ್ತಿದ್ದರು ಎಂಬುದು ಅವಳ ಪಾಲಿಗೆ ಬಂದಿದೆ. ಮನೆಯಲ್ಲೇ ಗಣಿಯವರು ಇರುವಾಗ ಇಂಟರ್ನೆಟ್ ಯಾಕೆ ಎಂದು ನಾನೇ ಹೇಳಿದೆ. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಹಾಗಾಗಿ ಅವಳ ಪರವಾಗಿ ನಾನು ಬರೆಯುತ್ತಿದ್ದೇನೆ. ಆಸರೆಯ ಕಂಬ ತೆಗೆದ ಮೇಲೆ ಚಾವಣಿ ಎಷ್ಟು ಹೊತ್ತಿಗೆ ಬೀಳುತ್ತದೆ? ಬೀಳುವ ಮೊದಲು ಏನಾದರೂ ಸೂಚನೆ ಕೊಡುತ್ತದೆಯೇ? ಕಂಬ ತೆಗೆಯುವ ಹೊಣೆ ನಿಯಮದ ಪ್ರಕಾರ ಯಾರದು? ಇವು ಅವಳ ಪ್ರಶ್ನೆಗಳು. ನಮ್ಮ ತಾತನ ಕಾಲದ ಸಂಗತಿ ಬಂದರೆ ಇನ್ನೂ ಒಳ್ಳೆಯದು.

ಕಸರಾನಿಯಲ್ಲಿ ಒಂದು ಔಷಧ ಕಂಪನಿಯ ಗೋದಾಮು ಕಟ್ಟುತ್ತಿದ್ದೇವೆ. ನಾನೇ ಸೈಟ್ ಮ್ಯಾನೇಜರ್. ಈ ಸಲ ಆಯುಧಪೂಜೆ ಅಲ್ಲೇ ಮಾಡಿದೆವು. ಚೆನ್ನಾಗಿ ಆಯಿತು.

ನಿಮ್ಮ
ಸದಾಶಿವ

ಬಳ್ಳಾರಿ
25 ಅಕ್ಟೋಬರ್ 2014

ಚಿ. ಸದಾಶಿವನಿಗೆ ವಾಮನನ ಆಶೀರ್ವಾದ. ದೀಪಾವಳಿ ಮುಗಿಯಿತು. ಪಟಾಕಿಯ ಸದ್ದು ಕೇಳಿಸದ ಕಾರಣ ಈ ಬೀದಿಯಲ್ಲಿ ನೆಮ್ಮದಿಯಾಗಿ ಹಬ್ಬ ಮಾಡಿದವನು ನಾನೊಬ್ಬನೇ.

ನಿನ್ನ ಕಾಗದವನ್ನು ಮೂರು ಸಲ ಓದಿದೆ. ಈ ಮನೆಯಲ್ಲಿ ನಾನು ಗಣಿ ಎಂದು ಬಾಯಿ ತೆರೆದರೆ ಸಾಕು, ಸುಶೀಲಾಗೆ ಒಲೆಯ ಮೇಲೆ ಹಾಲು ಉಕ್ಕುತ್ತದೆ. ಆಫ್ರಿಕಾದಿಂದ ಒಂದು ಹುಡುಗಿ ಕೇಳುತ್ತಾಳೆ ಎಂದರೆ ನಾನು ಬಿಡುತ್ತೇನೆಯೇ? ವಿಭಾಗೆ ಇದನ್ನು ನಿಧಾನವಾಗಿ ಓದಿ ಹೇಳು.

ನಮ್ಮಪ್ಪ, ಅಂದರೆ ನಿನ್ನ ತಾತ, 1912ರಲ್ಲಿ ಗೋದಾವರಿ ಸೀಮೆಯ ಗಣಿಯೊಂದರಲ್ಲಿ ಗುಮಾಸ್ತರಾಗಿ ಸೇರಿದರು. ಬಳ್ಳಾರಿಯವರಾದ್ದರಿಂದ ತೆಲುಗು ಬರುತ್ತಿತ್ತು, ಮಿಷನ್ ಶಾಲೆಯ ಇಂಗ್ಲಿಷ್ ಇತ್ತು. ಗಣಿಯಲ್ಲಿ ಸ್ಫೋಟವಾಗಿ ನೂರು ಜನ ಸತ್ತರೆ ಲಂಡನ್ನಿನ ಪೇಪರಿನಲ್ಲಿ ಬರುತ್ತಿತ್ತು. ಆದರೆ ಹೆಚ್ಚು ಜನ ಸತ್ತದ್ದು ಸ್ಫೋಟದಲ್ಲಿ ಅಲ್ಲ, ತಲೆಯ ಮೇಲಿನ ಕಲ್ಲು ಬಿದ್ದು. ಇವತ್ತು ಒಬ್ಬ, ಮುಂದಿನ ವಾರ ಇಬ್ಬರು. ಅದು ಪೇಪರಿಗೆ ಬರುವುದಿಲ್ಲ, ರಿಜಿಸ್ಟರಿಗೆ ಬರುತ್ತದೆ. ಆ ರಿಜಿಸ್ಟರ್ ಬರೆಯುವುದೇ ನಿನ್ನ ತಾತನ ಕೆಲಸ.

ಚಾವಣಿಯನ್ನು ಪರೀಕ್ಷಿಸುವುದು ಹೀಗೆ. ಒಂದು ಕೈಯಲ್ಲಿ ಹಾರೆ ಹಿಡಿದು ಮೇಲಕ್ಕೆ ಬಡಿಯಬೇಕು, ಇನ್ನೊಂದು ಅಂಗೈಯನ್ನು ಕಲ್ಲಿಗೆ ಒತ್ತಿ ಹಿಡಿದಿರಬೇಕು. ಗಟ್ಟಿ ಕಲ್ಲು ಕಂಚಿನ ತಟ್ಟೆಯ ಹಾಗೆ ಸದ್ದು ಮಾಡುತ್ತದೆ. ಬಿಟ್ಟುಕೊಂಡ ಕಲ್ಲು ಒಡಕು ಮಡಕೆಯ ಹಾಗೆ. ಕಿವಿ ಮೋಸ ಹೋದರೂ ಅಂಗೈಗೆ ಅದುರು ತಿಳಿಯುತ್ತದೆ. ನನ್ನ ಕಿವಿ ಹೋದ ಮೇಲೆ ಕಡೆಯ ನಾಲ್ಕು ವರ್ಷ ನಾನು ಅಂಗೈಯಲ್ಲೇ ಕೆಲಸ ಮಾಡಿದೆ. ಸುಶೀಲಾಗೆ ಇದು ಗೊತ್ತಿಲ್ಲ.

ಮರದ ಕಂಬ ಮಾತಾಡುತ್ತದೆ. ಭಾರ ಹೆಚ್ಚಿದಾಗ ಮೊದಲು ಕಿರುಗುಟ್ಟುತ್ತದೆ, ಆಮೇಲೆ ತಲೆಯ ಹತ್ತಿರ ಸಿಬಿರು ಏಳುತ್ತದೆ, ಆಮೇಲೆ ಮೇಲಿಂದ ಹಿಟ್ಟಿನಂತೆ ಪುಡಿ ಉದುರುತ್ತದೆ. ಅಷ್ಟರಲ್ಲಿ ಓಡಿದವನು ಬದುಕುತ್ತಾನೆ. ಕೆಲವು ಕಡೆ ಸೂಚನೆಯೇ ಇರುವುದಿಲ್ಲ. ಎಂದೋ ಕಲ್ಲಾಗಿ ಹೋದ ಮರದ ಬುಡಗಳು ಚಾವಣಿಯಲ್ಲಿ ಅಡಗಿರುತ್ತವೆ, ಬಿರಡೆ ಕಳಚಿದ ಹಾಗೆ ಕೆಳಗೆ ಬರುತ್ತವೆ. ಇನ್ನೊಂದು ಸಂಗತಿ ಬರೆದುಕೊಳ್ಳಲಿ. ಆಗ ಅಗೆಯುವವನಿಗೆ ಕಲ್ಲಿದ್ದಲು ತುಂಬಿದ ತೊಟ್ಟಿಬಂಡಿಯ ಲೆಕ್ಕದಲ್ಲಿ ಕೂಲಿ, ಕಂಬ ನೆಟ್ಟ ಹೊತ್ತಿಗೆ ಕೂಲಿ ಇಲ್ಲ. ಕಂಬ ಕಡಿಮೆ ಇದ್ದದ್ದು ಏಕೆ ಎಂದು ಯಾರೂ ಬೇರೆ ಸಂಶೋಧನೆ ಮಾಡಬೇಕಾಗಿಲ್ಲ.

ಕಂಬ ತೆಗೆದ ಮೇಲೆ ಎಷ್ಟು ಹೊತ್ತು ಎಂಬ ಪ್ರಶ್ನೆಗೆ ಉತ್ತರವಿಲ್ಲ. ಕಾಲು ಗಂಟೆಯೂ ಆಗಬಹುದು, ಕಾಲು ವರ್ಷವೂ ಆಗಬಹುದು. ತೆಗೆಯಲು ಅಪ್ಪಣೆ ಕೊಡುವವನು ಪಾಳಿಯ ಸರ್ದಾರ, ಅವನ ಮೇಲೆ ಮ್ಯಾನೇಜರ್.

ನಿನ್ನ ತಾತನ ಕಥೆ ನಿನಗೆ ಗೊತ್ತೇ ಇದೆ, ವಿಭಾಗೆ ಹೇಳು. 1919ರಲ್ಲಿ ಕೊಮುರಯ್ಯ ಎಂಬ ಕಂಬದಾಳು ಯಾರ ಅಪ್ಪಣೆಯೂ ಇಲ್ಲದೆ ನಡುಸಾಲಿನ ಕಂಬಗಳನ್ನು ಎಳೆದ. ಇಬ್ಬರು ಸತ್ತರು. ವಿಚಾರಣೆಯ ವರದಿಯನ್ನು ತಾತ ಎಂಥ ಇಂಗ್ಲಿಷಿನಲ್ಲಿ ಬರೆದರು ಎಂದರೆ ಇನ್ಸ್‌ಪೆಕ್ಟರ್ ಅದನ್ನು ಎತ್ತಿ ಹಿಡಿದು ಹೊಗಳಿದನಂತೆ. ಅದೇ ವರ್ಷ ಹೆಡ್ ಗುಮಾಸ್ತರಾದರು.

ವಿಭಾ ಬರೆದದ್ದರ ಒಂದು ಪ್ರತಿ ನನಗೆ ಬೇಕು.

ವಾಮನ

ನೈರೋಬಿ
9 ನವೆಂಬರ್ 2014

ವಾಮನ ಮಾಮನಿಗೆ ನಮಸ್ಕಾರ. ಕಾಗದ ಬಂತು. ವಿಭಾಗೆ ತುಂಬ ಉಪಯೋಗವಾಯಿತು.

ಅವಳಿಗೆ ಕೊಮುರಯ್ಯನ ಭಾಗ ಬಹಳ ಹಿಡಿಸಿದೆ. ಒಂದೆರಡು ಸಂದೇಹಗಳಿವೆ. ಅವನು ಸ್ವಂತ ಬುದ್ಧಿಯಿಂದ ಕಂಬ ಎಳೆದ ಎಂಬುದನ್ನು ಹೇಗೆ ಸಾಬೀತು ಮಾಡಿದರು? ಬರಹದಲ್ಲಿ ಅಪ್ಪಣೆ ಏನಾದರೂ ಇತ್ತೇ? ಬಾಯಿಮಾತಿನ ಅಪ್ಪಣೆಗೆ ಆಗ ಬೆಲೆ ಇತ್ತೇ? ಅವನು ತನ್ನ ಪರವಾಗಿ ಏನು ಹೇಳಿದ? ಅವನ ಮಾತನ್ನು ಸುಳ್ಳು ಎನ್ನುವ ಇನ್ನೊಬ್ಬ ಸಾಕ್ಷಿ ಇದ್ದನೇ?

ಇಲ್ಲಿ ಸಣ್ಣ ಮಳೆಗಾಲ ಶುರುವಾಗಿದೆ. ರಸ್ತೆಗಳಲ್ಲಿ ನೀರು ನಿಂತು ಮಟಾಟು ಎಂಬ ಇಲ್ಲಿಯ ಬಾಡಿಗೆ ವ್ಯಾನುಗಳು ಫುಟ್‌ಪಾತಿನ ಮೇಲೆ ಓಡುತ್ತವೆ. ಸೈಟಿನ ಕೆಲಸ ಸ್ವಲ್ಪ ದಿನ ನಿಂತಿದೆ, ಏನೋ ಕಾಗದಪತ್ರದ ತೊಂದರೆ. ಹಾಗಾಗಿ ಮಧ್ಯಾಹ್ನ ಮನೆಯಲ್ಲೇ ಇರುತ್ತೇನೆ. ನಾನು ಹೆಚ್ಚಿದ ಹುರುಳಿಕಾಯಿ ಒಂದೊಂದೂ ಒಂದೊಂದು ಅಳತೆ ಎಂದು ಗಿರಿಜಾ ದೂರುತ್ತಾಳೆ. ನಿದ್ದೆ ಸ್ವಲ್ಪ ಕಡಿಮೆಯಾಗಿದೆ, ಅಷ್ಟೆ.

ಸದಾಶಿವ

ಬಳ್ಳಾರಿ
20 ನವೆಂಬರ್ 2014

ಚಿ. ಸದಾಶಿವನಿಗೆ ಆಶೀರ್ವಾದ.

ನಾನು ನೇರವಾಗಿ ಕೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡ. ನಿನ್ನ ಕೆಲಸ ಹೋಗಿದೆ, ಅಲ್ಲವೇ? ಸೈಟ್ ನಿಂತಿದೆ, ಮಧ್ಯಾಹ್ನ ಮನೆಯಲ್ಲಿ ಹುರುಳಿಕಾಯಿ ಹೆಚ್ಚುತ್ತೀಯ, ನಿದ್ದೆ ಇಲ್ಲ. ಇದನ್ನು ಓದಲು ಜ್ಯೋತಿಷಿ ಬೇಕಾಗಿಲ್ಲ. ಕೆಲಸ ಹೋಗುವುದು ಮಾನ ಹೋಗುವ ಸಂಗತಿ ಅಲ್ಲ. ಇಲ್ಲಿ ನನ್ನ ಶಿಷ್ಯ ಕೃಷ್ಣಪ್ರಸಾದ ಹೊಸಪೇಟೆಯಲ್ಲಿ ಸೇತುವೆಯ ಕಾಂಟ್ರಾಕ್ಟ್ ಹಿಡಿದಿದ್ದಾನೆ. ಒಂದು ಮಾತು ಹೇಳಿದರೆ ನಾಳೆಯೇ ನಿನ್ನನ್ನು ಕರೆಯುತ್ತಾನೆ. ಬೆಂಗಳೂರಿನಲ್ಲಿ ನಿನ್ನ ಫ್ಲಾಟ್ ಇದ್ದೇ ಇದೆ. ವಿಭಾಗೆ ಬೇಜಾರಾಗಬಹುದು, ಮಕ್ಕಳ ಬೇಜಾರು ಆರು ತಿಂಗಳು.

ಪ್ರಶ್ನೆಗಳಿಗೆ ಬರುತ್ತೇನೆ. ಸಾಬೀತು ಎಂಬುದೇನೂ ಇರಲಿಲ್ಲ. ಮ್ಯಾನೇಜರ್ ಹೇಳಿದ, ಸರ್ದಾರ ಹೌದೆಂದ, ಕೊಮುರಯ್ಯ ಹೇಳಿಕೆಗೆ ಹೆಬ್ಬೆಟ್ಟು ಒತ್ತಿದ, ಮುಗಿಯಿತು. ಹಳೆಯ ರಿಜಿಸ್ಟರುಗಳನ್ನು ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಓದಿದ್ದೇನೆ. ಹತ್ತರಲ್ಲಿ ಏಳು ಕಡೆ ಕಾರಣ ಒಂದೇ: ಸತ್ತವನ ಅಜಾಗರೂಕತೆ, ಇಲ್ಲವೇ ಕಂಬದಾಳಿನ ಅಜಾಗರೂಕತೆ. ಮ್ಯಾನೇಜರನ ಅಜಾಗರೂಕತೆ ಎಂದು ನಾನು ಒಂದು ಕಡೆಯೂ ಓದಲಿಲ್ಲ. ಮ್ಯಾನೇಜರುಗಳು ಬಹಳ ಜಾಗರೂಕರು.

ಆದರೆ ಹದಿನಾಲ್ಕು ವರ್ಷದ ಹುಡುಗಿ ಬಾಯಿಮಾತಿನ ಅಪ್ಪಣೆಗೆ ಬೆಲೆ ಇತ್ತೇ ಎಂದು ಕೇಳುವುದು ನನಗೆ ಸ್ವಲ್ಪ ವಿಚಿತ್ರವಾಗಿ ಕಂಡಿತು. ವಕೀಲೆ ಆಗುತ್ತಾಳೇನೋ. ಅವಳ ಕೈಯಲ್ಲೇ ಒಂದು ಸಾಲು ಬರೆಸು.

ವಾಮನ

ನೈರೋಬಿ
3 ಡಿಸೆಂಬರ್ 2014

ಮಾಮ,

ನನ್ನ ಕೆಲಸ ಹೋಗಿಲ್ಲ. ಸಂಬಳ ಬರುತ್ತಿದೆ. ಕೃಷ್ಣಪ್ರಸಾದರಿಗೆ ದಯವಿಟ್ಟು ಏನೂ ಹೇಳಬೇಡಿ, ಸುಶೀಲಾಗೂ ಬೇಡ.

ವಿಭಾಳ ಪ್ರಾಜೆಕ್ಟ್ ಮುಗಿಯಿತು. ಒಳ್ಳೆಯ ಮಾರ್ಕ್ಸ್ ಬಂದಿದೆ. ಪ್ರತಿ ಶಾಲೆಯಲ್ಲೇ ಇಟ್ಟುಕೊಂಡಿದ್ದಾರೆ. ನಿಮಗೆ ಇನ್ನು ತೊಂದರೆ ಕೊಡುವುದಿಲ್ಲ.

ಒಂದೇ ಒಂದು ಕೇಳಬೇಕಿತ್ತು, ಇದು ನನ್ನ ಕುತೂಹಲ. ಗಣಿಯ ಕಲ್ಲು ಬೇರೆ, ಕಾಂಕ್ರೀಟ್ ಬೇರೆ, ಅಲ್ಲವೇ? ಮೋಲ್ಡ್ ಹಾಕಿ ಹತ್ತು ದಿನವಾದ ಸ್ಲ್ಯಾಬಿನ ನಡುವಿನ ಕಂಬ ತೆಗೆದರೂ ಎಷ್ಟೋ ಕಡೆ ಏನೂ ಆಗುವುದಿಲ್ಲ. ನಾನೇ ನೋಡಿದ್ದೇನೆ. ಅದು ಬಿದ್ದರೆ ಸಿಮೆಂಟಿನದೋ ಕಬ್ಬಿಣದ್ದೋ ದೋಷ ಇರಬೇಕು. ನಿಮ್ಮ ಅನುಭವದಲ್ಲಿ ಏನನ್ನಿಸುತ್ತದೆ?

ಸದಾಶಿವ

ಬಳ್ಳಾರಿ
15 ಡಿಸೆಂಬರ್ 2014

ಸದಾಶಿವ,

ವಿಭಾಗೆ ಮಾರ್ಕ್ಸ್ ಬಂದದ್ದಕ್ಕೆ ಅಭಿನಂದನೆ ಹೇಳೋಣ ಎಂದು ಸುಶೀಲಾಳ ಕೈಯಲ್ಲಿ ಗಿರಿಜಾಗೆ ಫೋನ್ ಮಾಡಿಸಿದೆ. ನಾನು ಎದುರಿಗೆ ಕೂತು ಸುಶೀಲಾಳ ಮುಖ ನೋಡುತ್ತಿದ್ದೆ. ಗಿರಿಜಾ ಹೇಳಿದ್ದನ್ನು ಅವಳು ಒಂದು ಚೀಟಿಯಲ್ಲಿ ಬರೆದು ಕೊಟ್ಟಳು: "ಯಾವ ಪ್ರಾಜೆಕ್ಟು? ವಿಭಾ ಈ ವರ್ಷ ಹಿಸ್ಟರಿ ತಗೊಂಡೇ ಇಲ್ವಲ್ಲ."

ಉಳಿದದ್ದೂ ಚೀಟಿಯಲ್ಲಿ ಬಂತು. ವಿಜಯದಶಮಿಯ ದಿನ ಬೆಳಿಗ್ಗೆ ನಿನ್ನ ಸೈಟಿನ ನೆಲಮಾಳಿಗೆಯ ಸ್ಲ್ಯಾಬ್ ಬಿದ್ದಿದೆ. ಒಬ್ಬ ಸತ್ತಿದ್ದಾನೆ. ಸೆಂಟ್ರಿಂಗ್ ಕೆಲಸದ ಮೇಸ್ತ್ರಿ ಎರಡು ತಿಂಗಳಿಂದ ಕಂಬಿ ಎಣಿಸುತ್ತಿದ್ದಾನೆ. "ಕಂಬಗಳನ್ನ ಅವನೇ ಯಾರನ್ನೂ ಕೇಳದೆ ತೆಗೆಸಿಬಿಟ್ಟನಂತೆ, ಪಾಪ ಇವರಿಗೆ ನಿದ್ದೆ ಇಲ್ಲ" ಎಂದಳಂತೆ ಗಿರಿಜಾ.

ನನ್ನ ಕಿವಿ ಕೆಟ್ಟಿದೆ ಎಂದು ಅದರ ಮೇಲೆ ಹೂವಿಟ್ಟೆಯಲ್ಲ. ನನಗೆ ಸಿಟ್ಟು ಬಂತು. ಎರಡು ದಿನ ಬಿಟ್ಟು ಬರೆಯುತ್ತಿದ್ದೇನೆ.

ನನ್ನ ಕಡೆಯ ಸುಳ್ಳನ್ನೂ ಕೇಳು. ಕೊಮುರಯ್ಯನ ಕಥೆ ನೀನು ಹುಡುಗನಾಗಿದ್ದಾಗಿನಿಂದ ನಾನು ಹೇಳಿದ ಹಾಗೆ ನಡೆಯಲಿಲ್ಲ. ಆ ತಿಂಗಳು ಕಲ್ಲಿದ್ದಲು ಕಡಿಮೆ ಬಿದ್ದಿತ್ತು. ನಡುಸಾಲನ್ನು ಎಳೆಯಲು ಮ್ಯಾನೇಜರನೇ ಹೇಳಿದ. ಕೊಮುರಯ್ಯ ಹಾರೆಯಿಂದ ಬಡಿದು ನೋಡಿ ಇವತ್ತು ಬೇಡ ಎಂದ. ಎಳೆಯುತ್ತೀಯೋ, ನಿನ್ನ ಗುಡಿಸಲು ಖಾಲಿ ಮಾಡುತ್ತೀಯೋ ಎಂದು ಕೇಳಿದ ಮೇಲೆ ಎಳೆದ. ವಿಚಾರಣೆಯಲ್ಲಿ ಕೊಮುರಯ್ಯ ತೆಲುಗಿನಲ್ಲಿ ಹೇಳಿದ, ಇನ್ಸ್‌ಪೆಕ್ಟರಿಗೆ ತೆಲುಗು ಬಾರದು. ನಡುವೆ ಕೂತು ಇಂಗ್ಲಿಷಿಗೆ ಬರೆದುಕೊಂಡವರು ನಿನ್ನ ತಾತ. ಅವನು ಹೇಳಿದ್ದು, ದೊರೆ ಎಳೆ ಅಂದರು, ಎಳೆದೆ ಎಂದು. ಇವರು ಬರೆದದ್ದು, ನಾನು ಸ್ವಂತ ಇಚ್ಛೆಯಿಂದ ಎಳೆದೆ ಎಂದು. ಅದರ ಕೆಳಗೆ ಅವನು ಹೆಬ್ಬೆಟ್ಟು ಒತ್ತಿದ. ತಾನು ಹೇಳಿದ್ದೇ ಅಲ್ಲಿದೆ ಎಂದುಕೊಂಡು ಒತ್ತಿದ.

ಅವನಿಗೆ ಎಂಟು ತಿಂಗಳು ಜೈಲು. ಅವನ ಹೆಂಡತಿ ಮಕ್ಕಳನ್ನು ಗಣಿಯ ಸಾಲುಮನೆಯಿಂದ ಹೊರಹಾಕಿದರು. ಎಲ್ಲಿ ಹೋದರು ಎಂಬುದು ಯಾವ ರಿಜಿಸ್ಟರಿನಲ್ಲೂ ಇಲ್ಲ, ನಾನು ಹುಡುಕಿದ್ದೇನೆ. ನಮಗೆ ಹೆಂಚಿನ ಮನೆ ಸಿಕ್ಕಿತು. ನಿನ್ನ ಅಮ್ಮ, ನನ್ನ ಪಾರ್ವತಿ ಅಕ್ಕ, ಹುಟ್ಟಿದ್ದು ಆ ಮನೆಯಲ್ಲೇ, ನಾನೂ ಅಲ್ಲೇ. ನಮ್ಮಪ್ಪ ಸಾಯುವ ವರ್ಷ ನನ್ನೊಬ್ಬನಿಗೇ ಇದನ್ನು ಹೇಳಿದರು. "ಆ ವರದೀಲಿ ಒಂದೇ ಒಂದು ವ್ಯಾಕರಣದ ತಪ್ಪಿರಲಿಲ್ಲ ಕಣೋ" ಅಂದರು. ಅಕ್ಕನಿಗೆ ನಾನು ಹೇಳಲಿಲ್ಲ. ನಿನಗೆ ಹೊಗಳಿಕೆಯ ಭಾಗವನ್ನು ಮಾತ್ರ ಹೇಳಿದೆ. ಅದು ಕೇಳಲು ಚೆನ್ನಾಗಿತ್ತು.

ಕಾಂಕ್ರೀಟಿನ ಬಗ್ಗೆ ನನಗೆ ಗೊತ್ತಿಲ್ಲ. ನಿನಗೆ ಗೊತ್ತಿದೆ, ನೀನು ಅದನ್ನೇ ಓದಿದವನು. ಕಂಬ ತೆಗೆ ಎಂದವರು ಯಾರು?

ವಾಮನ

ನೈರೋಬಿ
2 ಜನವರಿ 2015

ಮಾಮ,

ನಾನು.

ನಮ್ಮ ಕಂಪನಿಯ ಎಂ.ಡಿ. ಅವರಿಗೆ ಆಯುಧಪೂಜೆಯನ್ನು ಸೈಟಿನಲ್ಲಿ ಮಾಡುವ ಆಸೆ ಇತ್ತು. ಎಲ್ಲಿ ಮಾಡಬೇಕು ಎಂದು ಅವರು ಹೇಳಲಿಲ್ಲ. ಮೇಲೆ ಗಾಳಿ, ದೀಪ ನಿಲ್ಲುವುದಿಲ್ಲ. ನೆಲಮಾಳಿಗೆಯಲ್ಲಿ ಮಾಡೋಣ, ನಡುವಿನ ಕಂಬ ತೆಗೆಸಿದರೆ ಅರವತ್ತು ಜನ ಕೂರುತ್ತಾರೆ ಎಂದವನು ನಾನು. ಮೋಲ್ಡ್ ಹಾಕಿ ಹತ್ತು ದಿನವಾಗಿತ್ತು. ಇಪ್ಪತ್ತೊಂದು ದಿನ ಬಿಡಬೇಕು ಎಂಬುದು ನನಗೆ ಹೊಸದಾಗಿ ಯಾರೂ ಹೇಳಬೇಕಾಗಿರಲಿಲ್ಲ. ಅರ್ಧ ದಿನದ ಮಾತು ಎಂದುಕೊಂಡೆ.

ಮೇಸ್ತ್ರಿಯ ಹೆಸರು ಕರಿಯುಕಿ. ಆರು ವರ್ಷದಿಂದ ನನ್ನ ಜೊತೆ ಇದ್ದಾನೆ. "ಬಾಸ್, ಬಾಡೊ" ಎಂದ. ಇನ್ನೂ ಸಮಯವಾಗಿಲ್ಲ ಎಂದು ಅರ್ಥ. ಎರಡು ಸಲ ಹೇಳಿದ. ನಾನು ದೇವರ ಕೆಲಸ ಎಂದೆ. ಅವನು ಚರ್ಚಿಗೆ ತಪ್ಪದೆ ಹೋಗುವವನು, ಆ ಮಾತಿಗೆ ಎದುರು ಹೇಳಲಿಲ್ಲ. ಬುಧವಾರ ಸಂಜೆ ತೆಗೆಸಿದ.

ಇಷ್ಟೇ ಆಗಿದ್ದರೆ ಬೀಳುತ್ತಿರಲಿಲ್ಲವೇನೋ. ತೆಗೆದ ಕಂಬಗಳನ್ನೇ ಗೋಡೆಗೆ ಒರಗಿಸಿ, ಮಿಕ್ಸರ್, ಗರಗಸ, ಸುತ್ತಿಗೆಗಳ ಜೊತೆ ಅರಿಶಿನ ಕುಂಕುಮ ಹಚ್ಚಿ ಪೂಜೆ ಮಾಡಿದೆವು. ಗುರುವಾರ ಸಂಜೆ ಐದಕ್ಕೆ ಜನ ಹೋದ ಮೇಲೆ ಕರಿಯುಕಿ ಬಂದು ಕಂಬಗಳನ್ನು ಈಗಲೇ ವಾಪಸ್ ನಿಲ್ಲಿಸುತ್ತೇನೆ ಎಂದ. ನಾನು ಬೇಡ ಎಂದೆ. ಪೂಜೆಗೆ ಇಟ್ಟ ಆಯುಧವನ್ನು ವಿಜಯದಶಮಿಯ ಮಂಗಳಾರತಿ ಆಗುವ ತನಕ ಮುಟ್ಟುವಂತಿಲ್ಲವಲ್ಲ. ನಮ್ಮ ಮನೆಯಲ್ಲಿ ಆ ದಿನ ಅಮ್ಮ ಈಳಿಗೆಮಣೆಯನ್ನೂ ಮುಟ್ಟುತ್ತಿರಲಿಲ್ಲ, ಹಿಂದಿನ ದಿನವೇ ತರಕಾರಿ ಹೆಚ್ಚಿಡುತ್ತಿದ್ದರು. ನಾಳೆ ಹತ್ತು ಗಂಟೆಗೆ ಆರತಿ, ಆಮೇಲೆ ನಿಲ್ಲಿಸು ಎಂದೆ. ಬೆಳಿಗ್ಗೆ ಎಂಟು ಗಂಟೆಗೆ ಬಿತ್ತು. ಒಬ್ಬ ಕೂಲಿಯಾಳು ಅದರಡಿಯಲ್ಲಿದ್ದ.

ಕಂಪನಿಯ ವಕೀಲರು ಸಂಜೆಯೊಳಗೆ ಹೇಳಿಕೆ ಟೈಪ್ ಮಾಡಿಸಿ ತಂದರು. ಮೇಲಿನ ಮಹಡಿಗೆ ಬೇಕೆಂದು ಮೇಸ್ತ್ರಿಯೇ ಕಂಬ ಬಿಚ್ಚಿಸಿದ ಎಂದಿತ್ತು. ಕರಿಯುಕಿಯ ತಲೆಗೆ ಎಲ್ಲ ಕಟ್ಟಿದ್ದಾರೆ ಎಂದು ಓದಿದ ಕೂಡಲೇ ಗೊತ್ತಾಯಿತು. ಸಹಿ ಹಾಕಿದೆ. ಹೇಳಿಕೆ ಬದಲಿಸಿದರೆ ವರ್ಕ್ ಪರ್ಮಿಟ್ ಹೋಗುತ್ತದೆ, ಜೈಲೂ ಆಗಬಹುದು. ವಿಭಾಗೆ ಮುಂದಿನ ವರ್ಷ ಪರೀಕ್ಷೆ. ಇವೆಲ್ಲ ನೆಪ ಎಂದು ನೀವು ಅನ್ನಬಹುದು. ನೆಪಗಳೇ, ಆದರೆ ನಿಜವಾದ ನೆಪಗಳು.

ಇನ್ನೊಂದು ಮಾತು. ನನಗೂ ಸಿಟ್ಟು ಬಂದಿದೆ. ಆ ಕಥೆಯನ್ನು ಅಮ್ಮ ಎಷ್ಟು ಹೆಮ್ಮೆಯಿಂದ ಹೇಳುತ್ತಿದ್ದಳು ಎಂದು ನಿಮಗೆ ಗೊತ್ತು. ನೀವು ಪಕ್ಕದಲ್ಲಿ ಕೂತು ತಲೆ ಆಡಿಸುತ್ತಿದ್ದಿರಿ.

ಸದಾಶಿವ

ಬಳ್ಳಾರಿ
13 ಜನವರಿ 2015

ಸದಾಶಿವ,

ತಲೆ ಆಡಿಸಿದ್ದು ನಿಜ.

ನಿನ್ನ ಕಾಗದದಲ್ಲಿ ಎರಡು ವಿಷಯ ಇಲ್ಲ. ಸತ್ತವನ ಹೆಸರು ಇಲ್ಲ. ನಮ್ಮ ರಿಜಿಸ್ಟರಿನಲ್ಲೂ ಒಬ್ಬ ಕೂಲಿ ಎಂದೇ ಇರುತ್ತಿತ್ತು.

ಎರಡನೆಯದು. ಚಾವಣಿ ಬಿದ್ದು ಯಾರಾದರೂ ಸತ್ತರೆ ಗಣಿಯಲ್ಲಿ ನಾವು ಮೊದಲು ಕೇಳುತ್ತಿದ್ದದ್ದು ಕಲ್ಲು ಯಾಕೆ ಬಿತ್ತು ಎಂದಲ್ಲ. ಕಲ್ಲು ಯಾವತ್ತಾದರೂ ಬೀಳುವುದೇ. ಅವನು ಆ ಹೊತ್ತಿನಲ್ಲಿ ಅಲ್ಲಿ ಯಾಕಿದ್ದ ಎಂದು ಕೇಳುತ್ತಿದ್ದೆವು. ಪೂಜೆ ಹಿಂದಿನ ದಿನವೇ ಮುಗಿದಿದೆ. ಆಯುಧ ಮುಟ್ಟುವಂತಿಲ್ಲ, ಅಂದರೆ ಕೆಲಸವೂ ಇಲ್ಲ. ಹಿಂದಿನ ಸಂಜೆ ಕಂಬ ವಾಪಸ್ ನಿಲ್ಲಿಸುತ್ತೇನೆ ಎಂದು ಕೇಳಿದ ಮೇಸ್ತ್ರಿ ಅದರಡಿಗೆ ತನ್ನ ಆಳನ್ನು ಬಿಡುವವನಲ್ಲ, ನಾನು ಅಂಥವರನ್ನು ಕಂಡಿದ್ದೇನೆ. ಹಾಗಿದ್ದರೆ ಬೆಳಿಗ್ಗೆ ಎಂಟು ಗಂಟೆಗೆ ಅವನಿಗೆ ಅಲ್ಲೇನು ಕೆಲಸ?

ಏನು ಮಾಡಬೇಕು ಎಂದು ನಾನು ಹೇಳುವುದಿಲ್ಲ. ಆ ಯೋಗ್ಯತೆ ನಮ್ಮ ಮನೆಯವರಿಗಿಲ್ಲ. ಕೇಳಿದ್ದಕ್ಕೆ ಉತ್ತರ ಬರೆ.

ವಾಮನ

ನೈರೋಬಿ
8 ಫೆಬ್ರವರಿ 2015

ಮಾಮ,

ಅವನ ಹೆಸರು ಒಚಿಯೆಂಗ್. ಇಪ್ಪತ್ತೆಂಟು ವರ್ಷ. ಕಿಸುಮು ಕಡೆಯವನು.

ನಿಮ್ಮ ಕಾಗದ ಬಂದು ಹತ್ತು ದಿನ ನಾನು ಏನೂ ಮಾಡಲಿಲ್ಲ. ಹನ್ನೊಂದನೆಯ ದಿನ, ಭಾನುವಾರ, ಗಿರಿಜಾಗೆ ಎಲ್ಲವನ್ನೂ ಹೇಳಿದೆ. "ನಾಲ್ಕು ತಿಂಗಳು ನನ್ನ ಎದುರಿಗೆ ಕೂತು ಊಟ ಮಾಡಿದೀರಿ" ಎಂದಳು. ಆಮೇಲೆ ವಿಭಾಳನ್ನು ಕರೆದು ಅವಳಿಗೂ ಹೇಳಿ ಎಂದು ಎದ್ದು ಹೋದಳು. ವಿಭಾಗೂ ಹೇಳಿದೆ. ಅವಳು ಮಧ್ಯದಲ್ಲಿ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ಮಾರನೆಯ ದಿನ ನಗರದ ನಡುವೆ ಇರುವ ವಿಚಾರಣೆಯ ಕಚೇರಿಗೆ ವಕೀಲರಿಲ್ಲದೆ ಹೋದೆ. ಕಂಬ ತೆಗೆಸಿದವನು ನಾನು, ವಾಪಸ್ ನಿಲ್ಲಿಸಬೇಡ ಎಂದವನೂ ನಾನು ಎಂದು ಹೇಳಿದೆ. ಅಧಿಕಾರಿ ಪೆನ್ನು ಕೆಳಗಿಟ್ಟು, "ಇದನ್ನ ಈಗ ಯಾಕೆ ಹೇಳ್ತಿದೀರಿ?" ಎಂದು ಕೇಳಿದ. ಒಬ್ಬರು ಕೇಳಿದರು ಎಂದೆ. ಅವನಿಗೆ ಅದು ಉತ್ತರ ಅನ್ನಿಸಲಿಲ್ಲ.

ನಿಮ್ಮ ಎರಡನೆಯ ಪ್ರಶ್ನೆಗೂ ಅಲ್ಲೇ ಉತ್ತರ ಕೊಟ್ಟೆ. ಗುರುವಾರ ಹಚ್ಚಿದ ದೀಪ ಶುಕ್ರವಾರದ ಆರತಿಯ ತನಕ ಆರಬಾರದಿತ್ತು. ಬೆಳಿಗ್ಗೆ ನಾನು ಥೀಕಾ ರಸ್ತೆಯಲ್ಲಿ ಟ್ರಾಫಿಕ್ಕಿಗೆ ಸಿಕ್ಕಿಕೊಂಡಿದ್ದೆ. ಕಾರಿನಿಂದಲೇ ಒಚಿಯೆಂಗನಿಗೆ ಫೋನ್ ಮಾಡಿ ದೀಪಕ್ಕೆ ಎಣ್ಣೆ ಹಾಕು ಎಂದೆ. ಕರಿಯುಕಿ ಹಿಂದಿನ ಸಂಜೆಯೇ ನೆಲಮಾಳಿಗೆಯ ಮೆಟ್ಟಿಲಿಗೆ ಅಡ್ಡವಾಗಿ ಹಗ್ಗ ಕಟ್ಟಿ ಯಾರೂ ಇಳಿಯಬಾರದು ಎಂದು ಹೇಳಿ ಹೋಗಿದ್ದನಂತೆ. ಕರಿಯುಕಿ ಬೆಳಿಗ್ಗೆ ಬರುವ ಮೊದಲೇ ಒಚಿಯೆಂಗ್ ಹಗ್ಗ ದಾಟಿ ಇಳಿದಿದ್ದ. ಫೋನ್ ಅವನ ಜೊತೆಯಲ್ಲೇ ಹೋಯಿತು. ಹಾಗಾಗಿ ನಾನು ಕರೆ ಮಾಡಿದ್ದು ನನ್ನೊಬ್ಬನಿಗೆ ಮಾತ್ರ ಗೊತ್ತಿತ್ತು.

ಅಧಿಕಾರಿ ಬರೆದದ್ದನ್ನು ಪೂರ್ತಿ ಓದಿಸಿಕೊಂಡು ಸಹಿ ಮಾಡಿದೆ. ಪಾಸ್‌ಪೋರ್ಟ್ ಇಟ್ಟುಕೊಂಡಿದ್ದಾರೆ. ಕಂಪನಿ ನನ್ನನ್ನು ತೆಗೆದಿದೆ. ಕೇಸು ಏಪ್ರಿಲಿನಲ್ಲಿ ಬರುತ್ತದೆ, ಏನಾಗುತ್ತದೋ ಗೊತ್ತಿಲ್ಲ. ಗಿರಿಜಾ ಮತ್ತು ವಿಭಾ ಶಾಲೆಯ ಅವಧಿ ಮುಗಿಯುವ ತನಕ ಇಲ್ಲೇ ಇರುತ್ತಾರೆ. ಇದನ್ನೆಲ್ಲ ಸುಶೀಲಾಗೆ ಓದಿ ಹೇಳಬಹುದು, ಇನ್ನು ಮುಚ್ಚಿಡುವುದೇನೂ ಇಲ್ಲ.

ಶುಕ್ರವಾರ ನನ್ನ ಹೇಳಿಕೆಯನ್ನು ಓದಿ ಹೇಳಿ ಕರಿಯುಕಿಯನ್ನು ಬಿಟ್ಟರು. ಕೋರ್ಟಿನ ಹೊರಗೆ ನಾನು ನಿಂತಿದ್ದೆ. ಬಹಳ ಇಳಿದುಹೋಗಿದ್ದಾನೆ. ನಾನು ಕ್ಷಮೆ ಕೇಳಲು ಶುರು ಮಾಡಿದೆ, ಅವನು ಕೈ ಎತ್ತಿ ತಡೆದ. ಅವನಿಗೆ ಬೇಕಾಗಿದ್ದದ್ದು ಬೇರೆ. "ನೀವು ಎಣ್ಣೆ ಹಾಕು ಅಂದಾಗ ಒಚಿಯೆಂಗ್ ಏನಂದ?" ಎಂದು ಕೇಳಿದ.

ಅದನ್ನು ಅಧಿಕಾರಿ ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ಗಿರಿಜಾಗೂ ಹೇಳಿರಲಿಲ್ಲ.

ಒಚಿಯೆಂಗ್ "ಬಾಸ್, ಇಳೀಬೇಡ ಅಂತ ಕರಿಯುಕಿ ಹೇಳಿದಾನೆ" ಎಂದಿದ್ದ. ನಾನು "ಎರಡೇ ನಿಮಿಷ, ನಾನು ಹೇಳ್ತಿದೀನಲ್ಲ" ಎಂದೆ. ಅವನು "ಸವಾ, ಬಾಸ್" ಎಂದ. ಸರಿ ಎಂದು ಅರ್ಥ.

ಕರಿಯುಕಿ ಇದನ್ನು ನನ್ನಿಂದ ಎರಡು ಸಲ ಹೇಳಿಸಿಕೊಂಡ. ಜೈಲಿನಲ್ಲಿದ್ದ ಅಷ್ಟು ದಿನವೂ, ಆ ಹುಡುಗ ತನ್ನ ಮಾತನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಹಗ್ಗ ದಾಟಿದ ಎಂದು ಅವನ ಮೇಲೆಯೇ ಸಿಟ್ಟು ಮಾಡಿಕೊಂಡಿದ್ದನಂತೆ. ಸತ್ತವನನ್ನು ದಿನಾ ಬೈದೆ ಎಂದ. "ಅವನ ತಾಯಿಗೆ ಹೇಳಬೇಕು" ಎಂದು ಹೇಳಿ, ನನ್ನ ಕಡೆ ಮತ್ತೆ ನೋಡದೆ, ಕಿಸುಮು ಬಸ್ಸು ಎಲ್ಲಿ ನಿಲ್ಲುತ್ತದೆ ಎಂದು ಪಕ್ಕದವನನ್ನು ಕೇಳಿಕೊಂಡು ಹೋದ.

ಸದಾಶಿವ